ಒಂದೇ ಉಸಿರಿನ ಎರಡು ಪ್ರಶ್ನೆ

“ಜ್ವರ ಬರೋಕೆ ಮುಂಚೆ ನಿಮ್ಮ ತಂದೆ ಕಾಡಿಗೆ ಹೋಗಿದ್ರಾ?”

“ಇಲ್ಲ,” ಅಂದಳು ಚೌಡೇಶ್ವರಿ.

ಕ್ಯಾಸನೂರಿನಲ್ಲಿ ಮಂಗಗಳು ಸತ್ತು ಬಿದ್ದು, ಹಿಂದೆಯೇ ಜನರಿಗೂ ಜ್ವರ ಹಬ್ಬಿದ ವರ್ಷ ಅದು. ಜ್ವರ ಎಲ್ಲಿಂದ ಬಂತೆಂದು ಮನೆಮನೆಗೆ ಹೋಗಿ ಕೇಳಲು ನನ್ನನ್ನು ಶಿಕಾರಿಪುರದ ಆಸ್ಪತ್ರೆಯಿಂದ ಕಳಿಸಿದ್ದರು. ಪ್ರಶ್ನೆ ಬರೆದವನೂ ನಾನೇ, ಬಲು ಹೆಮ್ಮೆಯಿಂದ. ಊರಿಗೆ ಊರೇ “ಇಲ್ಲ” ಅಂದಿತ್ತು.

ಮರುದಿನ ಅವಳೇ ಸೊಪ್ಪಿನ ಹೊರೆ ಹೊತ್ತು ಎದುರಾದಳು. ಹೊರೆಯ ಕೆಳಗಿನಿಂದ ಎರಡು ಕಣ್ಣು ನನ್ನನ್ನು ಅಳೆದವು.

“ಇದೆಲ್ಲಿಂದ ಬಂತ್ರೀ? ನಿನ್ನೆ ಸುಳ್ಳು ಯಾಕೆ ಹೇಳಿದ್ರಿ?”

“ಸುಳ್ಳಲ್ಲ. ಸೊಪ್ಪಿಗೆ ನಾವು ಹೋಗೋದು ಊರ ಹಿಂದಿನ ದಟ್ಟ ಮರಗಳ ಕಾನಿಗೆ. ಕಾಡು ಅಂದ್ರೆ ನಮಗೆ ಸುಡುಗಾಡು. ಅಪ್ಪಯ್ಯ ಕಾಡಿಗೆ ಹೋಗಿದ್ದು ಒಂದೇ ಸಲ. ನಾಲ್ಕು ಜನ ಹೊತ್ಕಂಡು ಹೋದ್ರು.”

ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಎಂಬ ಮಾತು ನನಗೇನು ಗೊತ್ತಿರಲಿಲ್ಲವೇ? ಸಾವಾದ ಮನೆಯ ಬಾಗಿಲಲ್ಲಿ ನಿಂತು ಅದನ್ನೇ ಕೇಳಿದ್ದೆ.

“ಮತ್ತೆ ಹೆಂಗ್ರೀ ಕೇಳೋದು?”

“ಸೊಪ್ಪು, ಸೌದೆ ಯಾವ ಕಡೆಯಿಂದ ತರ್ತೀರಿ ಅಂತ ಕೇಳಿ. ಯಾರನ್ನ ಕೇಳಿದ್ರೂ ಹೇಳ್ತಾರೆ.”

ಅವಳ ತುಟಿಯಂಚಿಗೆ ನಗು ಬಂತು. ಅಪ್ಪನ ನೆನಪಾಗಿರಬೇಕು, ಅರ್ಧಕ್ಕೇ ನಿಂತಿತು. ಆ ಅರ್ಧ ನಗುವಿಗೆ ನಾನು ಸೋತೆ.

ಊರನ್ನು ಮತ್ತೆ ಸುತ್ತಿದೆ. ಈ ಸಲ ಜನ ಬಾಯಿ ಬಿಟ್ಟರು. ದಿನಾ ಸಂಜೆ ನಾನು ಉಳಿದುಕೊಂಡ ಜಾಗಕ್ಕೆ ಹತ್ತಿರದ ದಾರಿ ಬೇರೆಯೇ ಇತ್ತು, ಆದರೂ ಅವಳ ಮನೆಯ ಮುಂದೆಯೇ ಹಾದು ಹೋಗುತ್ತಿದ್ದೆ. ಅವಳೂ ಆ ಹೊತ್ತಿಗೇ ಅಂಗಳ ಗುಡಿಸುತ್ತಿದ್ದಳು.

ಕೆಲಸ ಮುಗಿದ ದಿನ ಧೈರ್ಯ ಮಾಡಿ ಅವಳ ಜಗಲಿಗೆ ಹೋದೆ. ಅವಳ ಅವ್ವ ಒಳಗೆ ಮಲಗಿದ್ದರು. ಜ್ವರ ಬಿಟ್ಟಿದ್ದರೂ ಎದ್ದು ಓಡಾಡುವ ತ್ರಾಣ ಅವರಿಗಿರಲಿಲ್ಲ.

“ನನ್ನ ಮದುವೆಯಾಗಿ ಶಿಕಾರಿಪುರಕ್ಕೆ ಬರ್ತೀರಾ?”

“ಇಲ್ಲ.”

ಚೀಲ ಎತ್ತಿಕೊಂಡು ಬಸ್ಸಿನ ತನಕ ನಡೆದೆ. ಮೆಟ್ಟಿಲ ಮೇಲೆ ಕಾಲಿಟ್ಟಾಗ ಹೊಳೆಯಿತು. ಎರಡು ಪ್ರಶ್ನೆಯನ್ನು ಒಂದೇ ಉಸಿರಿಗೆ ಕೇಳಿದ್ದೆ. ಅವಳ ‘ಇಲ್ಲ’ ಯಾವುದಕ್ಕೆ?

ತಿರುಗಿ ಬಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಿದ್ದಳು.

“ಬೇಡ ಅಂದಿದ್ದು ಶಿಕಾರಿಪುರನೋ, ನನ್ನನ್ನೋ?”

“ಅವ್ವನ್ನ ಬಿಟ್ಟು ಎಲ್ಲಿಗೂ ಬರಾಕಾಗಲ್ಲ ರೀ.”

“ಮತ್ತೆ ಇನ್ನೊಂದು?”

ಅವಳು ನೆಲ ನೋಡಿದಳು. “ಅದನ್ನ ಬೇರೆಯಾಗಿ ನೀವು ಕೇಳ್ಲೇ ಇಲ್ಲ.”

ದೂರದಲ್ಲಿ ಬಸ್ಸು ಹೊರಟ ಸದ್ದಾಯಿತು. ಚೀಲವನ್ನು ಜಗಲಿಯ ಮೇಲಿಟ್ಟೆ.

“ಇಲ್ಲೇ ಹತ್ತಿರ, ಸೊರಬದಲ್ಲೇ ಕೆಲಸ ನೋಡ್ಕೋತೀನಿ, ಅದು ನನ್ನ ಪಾಲಿಂದು. ನೀವು ಅವ್ವನ್ನ ಬಿಡೋದು ಬೇಡ. ನಿಮ್ಮನ್ನ ಕೇಳೋದು ಒಂದೇ. ನನ್ನ ಮದುವೆ ಆಗ್ತೀರಾ?”

“ಹೂಂ,” ಅಂದಳು. ಅವತ್ತು ಅರ್ಧಕ್ಕೆ ನಿಂತಿದ್ದ ನಗು, ಕಣ್ಣೀರಿನ ಜತೆಗೇ, ಪೂರ್ತಿಯಾಯಿತು.