ಸದ್ದಿಲ್ಲದ ಕಾರ್ಡು

ಮನೆಯ ಮಹಡಿಯಲ್ಲಿ ಸಿನಿಮಾ ನೋಡಲು ಮಾಡಿದ್ದ ಥಿಯೇಟರ್ ರೂಮಿನ ಬಾಗಿಲು ತೆರೆದಾಗ ಮೊದಲು ಹೊರಬಂದದ್ದು ಹೊಗೆ. ಆಮೇಲೆ ಸುಟ್ಟ ಕಾರ್ಪೆಟ್ಟಿನ ವಾಸನೆ. ಮನೆಯ ಯಜಮಾನರು ಮುನಿಆಂಜನಪ್ಪನವರು ಸೋಫಾದ ಮೇಲೆ ನಿದ್ದೆಹೋದವರಂತೆ ಬಿದ್ದಿದ್ದರು. ಎಬ್ಬಿಸಿದರೆ ಏಳಲಿಲ್ಲ.

ಕೆಳಗೆ ಗೇಟಿನ ಬಳಿ ಸುಕನ್ಯ ಸ್ಕೂಟರಿನ ಪಕ್ಕ ನಿಂತಿದ್ದಳು. ಅವಳನ್ನು ಕಾಲೇಜಿಗೆ ಬಿಡುವ ದಾರಿಯಲ್ಲಿ ತಮ್ಮ ಜಗನ್ ಸಿ.ವಿ. ರಾಮನ್ ನಗರದ ಈ ಮನೆಗೆ ಬಂದಿದ್ದ. ಮುನಿಆಂಜನಪ್ಪ ತಾತನ ಕಂಪ್ಯೂಟರಿಗೆ ಏನೋ ಆಗಿದೆಯಂತೆ, ನೋಡಿ ಬಂದುಬಿಡುತ್ತೇನೆ ಅಂದಿದ್ದ. ಜಗನ್‌ಗೆ ಹಲಸೂರು ಬಜಾರಿನಲ್ಲಿ ಪುಟ್ಟ ಅಂಗಡಿ. ದೊಡ್ಡ ಟಿವಿಗೆ ಜೋಡಿಸಿ ಸಿನಿಮಾ ನೋಡುವ ಕಂಪ್ಯೂಟರುಗಳನ್ನು ಕಟ್ಟಿಕೊಡುವುದು ಆಗ, ಎರಡು ಸಾವಿರದ ಎಂಟರಲ್ಲಿ, ಹೊಸ ಕೆಲಸ. ಈ ಮನೆಯ ಕಂಪ್ಯೂಟರನ್ನು ಕಟ್ಟಿದವನೂ ಅವನೇ.

ಜಗನ್ ಆಗಷ್ಟೇ ಅಂಗಳಕ್ಕೆ ಕಾಲಿಟ್ಟಿದ್ದ. ತಾತನ ಹಿರಿಯ ಮಗ ಚಿಕ್ಕವೆಂಕಟಪ್ಪ ಮೆಟ್ಟಿಲಿಳಿದು ಬಂದ. ಹಿಂದೆಯೇ ಕಿರಿಯ ಮಗ ನಿತೀಶ್. ಕಿರಿಯವನು ಮೆಲ್ಲಗೆ, ಯಾರಿಗೂ ನೋವಾಗಬಾರದು ಅನ್ನುವ ದನಿಯಲ್ಲಿ ಹೇಳಿದ.

"ಗ್ರಾಫಿಕ್ಸ್ ಕಾರ್ಡಿಂದ ಬೆಂಕಿ ಹತ್ಕೊಂಡಿದೆ ಅಣ್ಣ. ಕಮ್ಮಿ ರೇಟಿಂದು ಹಾಕ್ಬಿಟ್ಟಿದಾನೆ."

ಅಷ್ಟು ಸಾಕಾಯಿತು. ಚಿಕ್ಕವೆಂಕಟಪ್ಪ ಅಂಗಳದಲ್ಲಿದ್ದ ಕಬ್ಬಿಣದ ಸರಳನ್ನು ಎತ್ತಿಕೊಂಡ. ಜಗನ್ ತಲೆಗೆ ಅಡ್ಡವಾಗಿ ಬಲಗೈ ಹಿಡಿದ. ಸರಳು ಬೆರಳುಗಳ ಮೇಲೆ ಬಿತ್ತು. ಆ ಸದ್ದನ್ನು ಸುಕನ್ಯ ಮರೆಯುವವಳಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರ ಕಡೆಯವರು ಹಲಸೂರಿಗೆ ನುಗ್ಗಿ ಅಂಗಡಿಯ ಷಟರ್ ಕಿತ್ತರು. ಮಾನಿಟರುಗಳನ್ನು ರಸ್ತೆಗೆ ಎಸೆದರು. ಬಜಾರೆಲ್ಲ ನಿಂತು ನೋಡಿತು. ನಿತೀಶ್ ಮಾತ್ರ ಅಣ್ಣನನ್ನು ಹಿಡಿದೆಳೆದ. ಸುಕನ್ಯಳಿಗೆ ಒಂದು ಲೋಟ ನೀರು ತಂದುಕೊಟ್ಟ. ಅವಳು ಕುಡಿದಳು ಕೂಡ.

*

ಜಗನ್‌ನನ್ನು ಶಿವಾಜಿನಗರದ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಮಂಚದ ಪಕ್ಕ ಸ್ಟೂಲಿನ ಮೇಲೆ ಒಬ್ಬ ಕಾನ್‌ಸ್ಟೇಬಲ್ ಕೂತ. ಗುಣವಾದ ಕೂಡಲೇ ಅರೆಸ್ಟ್. ಬೆರಳುಗಳು ಮತ್ತೆ ಸ್ಕ್ರೂಡ್ರೈವರ್ ಹಿಡಿಯುತ್ತವೋ ಇಲ್ಲವೋ, ಡಾಕ್ಟರು ಮಾತು ಕೊಡಲಿಲ್ಲ.

ಸುಕನ್ಯ ಇತಿಹಾಸದ ಲೆಕ್ಚರರ್. ಮನೆಗೆ ಬೀಗ ಹಾಕಿ ಅರ್ಧ ದಾರಿ ಹೋಗಿ, ಮತ್ತೆ ಬಂದು ಎಳೆದು ನೋಡುವ ಜೀವ. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುವುದಿಲ್ಲ. ತಮ್ಮನದನ್ನೂ.

"ನಿಜ ಹೇಳು ಜಗ್ಗ. ಅಗ್ಗದ ಕಾರ್ಡ್ ಹಾಕಿದ್ಯಾ?"

"ಅಗ್ಗದ್ದೇ ಅಕ್ಕ. ಆದ್ರೆ ಆರಿಸಿ ಹಾಕಿದ್ದು."

ಅವನು ನಿಧಾನವಾಗಿ ಬಿಡಿಸಿ ಹೇಳಿದ. ಆರ್ಡರ್ ತಂದವನು ನಿತೀಶ್. ಆದಷ್ಟು ಕಡಿಮೆಯಲ್ಲಿ ಮುಗಿಸು ಗುರು ಅಂದಿದ್ದ. ಆದರೆ ತಾತನಿಗೆ ಬೇಕಾಗಿದ್ದದ್ದು ಸಿನಿಮಾ ಅಲ್ಲ. ತೀರಿಹೋದ ಹೆಂಡತಿ ಆಂಜನಮ್ಮ ಯಾರದೋ ಮದುವೆಯಲ್ಲಿ ಸೋಬಾನೆ ಹಾಡಿದ ಹಳೆಯ ವಿಡಿಯೋ ಕ್ಯಾಸೆಟ್ ಒಂದಿತ್ತು. ಅದನ್ನು ಕಂಪ್ಯೂಟರಿಗೆ ಇಳಿಸಿ ಕೊಡು ಅಂದಿದ್ದರು. ಆಕೆಯ ದನಿ ಅದರಲ್ಲಿ ತುಂಬ ಸಣ್ಣ. ಪಕ್ಕದಲ್ಲಿ ಒಂದು ಫ್ಯಾನ್ ಗುಂಯ್ ಅಂದರೂ ಮುಚ್ಚಿಹೋಗುತ್ತದೆ. ಮಕ್ಕಳಿಗೆ ಇದು ಗೊತ್ತಿಲ್ಲ. ನಗುತ್ತಾರೆ ಅಂತ ತಾತ ಹೇಳಿರಲಿಲ್ಲ.

ಅದಕ್ಕೇ ಜಗನ್ ವಾರವೆಲ್ಲ ತಲೆ ಕೆಡಿಸಿಕೊಂಡು, ಟಿವಿಗೆ ಚಿತ್ರ ಕಳಿಸುವ ಆ ಗ್ರಾಫಿಕ್ಸ್ ಕಾರ್ಡು ಹುಡುಕಿದ್ದ. ಒಂದೇ ವೈರಿನಲ್ಲಿ ಟಿವಿಗೆ ಚಿತ್ರವೂ ಹೋಗಬೇಕು, ಧ್ವನಿಯೂ ಹೋಗಬೇಕು. ಆಟ ಆಡುವವರ ದುಬಾರಿ ಕಾರ್ಡುಗಳಿಗೆ ಶಕ್ತಿ ಜಾಸ್ತಿ, ಬಿಸಿ ಜಾಸ್ತಿ, ಫ್ಯಾನ್ ಬೇಕೇ ಬೇಕು. ಅಗ್ಗದ ಕಾರ್ಡಿಗೆ ಅಷ್ಟು ಬಿಸಿಯೇ ಇಲ್ಲ. ಹಾಗಾಗಿ ಅಗ್ಗದ್ದರಲ್ಲೇ ಫ್ಯಾನಿಲ್ಲದ್ದನ್ನು ಆರಿಸಿದ. ಮೇಲೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳು, ಅಷ್ಟೆ. ತಿರುಗುವಂಥದ್ದು ಒಂದೂ ಇಲ್ಲ. ಪೆಟ್ಟಿಗೆಯ ಉಳಿದ ಫ್ಯಾನುಗಳನ್ನೂ ಸದ್ದು ಕೇಳಿಸದಂಥವನ್ನೇ ಹಾಕಿದ್ದ.

"ಹಿಂದಿನ್ ದಿನ ಸಂಜೆ ತಾತ ಫೋನ್ ಮಾಡಿದ್ರು ಅಕ್ಕ. ಇವತ್ತು ಪೆಟ್ಟಿಗೆ ಗುಂಯ್ ಅಂತಿದೆ, ಅವಳ ದನಿ ಕೇಳಿಸ್ತಿಲ್ಲ, ಬಾರಪ್ಪ ಅಂದ್ರು. ಸದ್ದು ಎಲ್ಲಿಂದ ಬಂತು ಅಂತ ನೋಡಕ್ಕೇ ನಾನು ಹೋಗಿದ್ದು."

ಫ್ಯಾನೇ ಇಲ್ಲದ ಕಾರ್ಡು ಸದ್ದು ಮಾಡಿತ್ತು. ಮಾರನೆಯ ಬೆಳಿಗ್ಗೆ ಅದನ್ನು ಕೇಳಿದವರು ಹೆಣವಾಗಿದ್ದರು.

*

ಹೇಳಿಕೆ ಬರೆದುಕೊಳ್ಳಲು ಇನ್‌ಸ್ಪೆಕ್ಟರ್ ಭಗವಂತರಾಯ ಬಂದರು. ಕಲಬುರಗಿ ಕಡೆಯವರು, ದೊಡ್ಡ ಮೀಸೆ, ಸಣ್ಣ ದನಿ. ಸುಟ್ಟ ಕಂಪ್ಯೂಟರಿನ ಫೋಟೋಗಳನ್ನು ಮುಂದಿಟ್ಟರು. ಫ್ಯಾನ್ ಸಿಕ್ಕಿಕೊಂಡು ಕಾರ್ಡು ಕಾದು ಬೆಂಕಿ ಹತ್ತಿದೆ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ ಅಂದರು.

ಜಗನ್ ಎಡಗೈಯಲ್ಲಿ ಒಂದು ಫೋಟೋ ತೋರಿಸಿದ. ಕಾರ್ಡಿನ ಮೇಲೇ ಕರಗಿ ಅಂಟಿದ ಕಪ್ಪು ಪ್ಲಾಸ್ಟಿಕ್ ಮುದ್ದೆ. ನಡುವೆ ತಾಮ್ರದ ತಂತಿಯ ಸಣ್ಣ ಸುರುಳಿ. ಅದು ಫ್ಯಾನಿನ ಮೋಟಾರು, ತಾನು ಹಾಕಿದ್ದರಲ್ಲಿ ಮೋಟಾರೇ ಇರಲಿಲ್ಲ ಅಂದ.

"ಆರೋಪಿ ಹಂಗ ಹೇಳೇ ಹೇಳ್ತಾನ," ಅಂದರು ಭಗವಂತರಾಯ. ಆದರೆ ಫೋಟೋವನ್ನು ಎರಡನೆಯ ಸಲ ನೋಡಿದರು. ಸುಕನ್ಯ ಅದನ್ನು ಗಮನಿಸಿದಳು.

ಯಾರೋ ಕಾರ್ಡು ಬದಲಾಯಿಸಿದ್ದಾರೆ. ಯಾರು? ಅವಳ ಮನಸ್ಸು ನೇರ ಚಿಕ್ಕವೆಂಕಟಪ್ಪನ ಕಡೆಗೆ ಓಡಿತು. ಅಪ್ಪನಿಗೂ ಅವನಿಗೂ ಮಾತು ಬಿಟ್ಟಿತ್ತು ಅಂತ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ದೊಡ್ಡನೆಕ್ಕುಂದಿಯಲ್ಲಿದ್ದ ಮುದುಕರ ಜಮೀನನ್ನು ಬಿಲ್ಡರ್ ಒಬ್ಬ ಕೇಳುತ್ತಿದ್ದ. ಆಂಜನಮ್ಮನ ಸಮಾಧಿ ಇರುವುದು ಅಲ್ಲೇ. ಅವಳ ಎದೆ ಮೇಲೆ ಅಪಾರ್ಟ್‌ಮೆಂಟ್ ಕಟ್ಟಿಸಲ್ಲ ಅಂತ ಮುದುಕರು ಸಹಿ ಹಾಕಿರಲಿಲ್ಲ. ಸರಳು ಎತ್ತಿದ ಕೈಯೇ ಕೊಂದ ಕೈಯೂ ಆಗಿದ್ದರೆ ಎಷ್ಟು ಚೆನ್ನ ಅನಿಸಿತು ಸುಕನ್ಯಳಿಗೆ. ಅವನೇ ಆಗಿರಲಿ ಎಂದು ಬಯಸುತ್ತಿದ್ದೇನೆ ಅನ್ನುವುದೂ ಅವಳಿಗೆ ಗೊತ್ತಿತ್ತು. ಅದಕ್ಕೇ ಹೆದರಿ, ಬಾಯಿ ಮುಚ್ಚಿಕೊಂಡು, ಫ್ಯಾನಿನ ಕಾರ್ಡು ಎಲ್ಲಿಂದ ಬಂತೆಂದು ಹುಡುಕುತ್ತ ಕಂಪ್ಯೂಟರ್ ಅಂಗಡಿಗಳನ್ನು ಸುತ್ತತೊಡಗಿದಳು.

*

ಇಂದಿರಾನಗರದಲ್ಲಿ ಏನೂ ಸಿಗಲಿಲ್ಲ. ಹಲಸೂರಿನವರು ಅವಳ ಮುಖ ನೋಡಲು ಸಂಕೋಚಪಟ್ಟರು. ಶಿವಾಜಿನಗರದಲ್ಲಿ, ಬಸ್ ಸ್ಟಾಂಡಿನ ಹಿಂದಿನ ಓಣಿಯ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಅವಳ ಕಣ್ಣು ನಿಂತಿತು. ಅಲ್ಯೂಮಿನಿಯಂ ರೆಕ್ಕೆಗಳ ಒಂದು ಕಾರ್ಡು. ಮೂಲೆಯಲ್ಲಿ ಜಗನ್‌ನ ಅಂಗಡಿಯ ವಾರಂಟಿ ಸ್ಟಿಕ್ಕರ್. ಮೇಲೆ ಅವನ ಸಹಿ, ತಾತನ ಮನೆಗೆ ಕಂಪ್ಯೂಟರ್ ಕೊಟ್ಟ ತಾರೀಖು.

ಅಂಗಡಿ ನಡೆಸುತ್ತಿದ್ದವಳು ಫಹ್ಮಿದಾ. ಸುಕನ್ಯ ತಾನು ಯಾರೆಂದು ಹೇಳಿ ಕೇಳಿದ್ದಕ್ಕೆ, ಎಕ್ಸ್‌ಚೇಂಜಿಗೆ ಬಂದ ಮಾಲು ಅದು ಅಂದಳು. ಹಳೆಯದನ್ನು ಕೊಟ್ಟು, ಮೇಲೆ ಸ್ವಲ್ಪ ಹಾಕಿ, ಬೇರೆಯದನ್ನು ಒಯ್ದಿದ್ದ ಗಿರಾಕಿ.

"ನಂಗ್ಯಾಕೆ ನೆನಪಿದೆ ಹೇಳ್ಲಾ ಟೀಚರಮ್ಮ? ಎಲ್ರೂ ಬಂದು ತಣ್ಣಗಿರೋದು ಕೊಡಿ ಅಂತಾರೆ. ಇವ್ನು ಅಗ್ಗದ್ರಲ್ಲಿ ಯಾವ್ದು ಜಾಸ್ತಿ ಬಿಸಿ ಆಗುತ್ತೆ ಅಂತ ಕೇಳ್ದ. ದಿಮಾಗ್ ಸರಿ ಇದ್ಯಾ ಅನ್ಕೊಂಡೆ."

"ಈ ಸ್ಟಿಕ್ಕರ್ ಯಾಕೆ ಕೀಳಲಿಲ್ಲ?"

"ಕಿತ್ರೆ ರೇಟು ಬೀಳಲ್ವಾ? ಇನ್ನೂ ವಾರಂಟಿ ಇದೆ ಅಂತ ಅದನ್ನೇ ತೋರ್ಸಿ ತೋರ್ಸಿ ಚೌಕಾಸಿ ಮಾಡ್ದ."

ಫಹ್ಮಿದಾ ಅವನ ಮುಖ ನೋಡಿರಲಿಲ್ಲ. ಹೆಲ್ಮೆಟ್ ತೆಗೆಯಲೇ ಇಲ್ಲವಂತೆ. ಮಾತು ಮಾತ್ರ ಬಲು ನಯ. ಕಾರ್ಡನ್ನು ಚಿಪ್ಪಿಗೆ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿದಿದ್ದ, ತಿಳಿದವನ ಹಾಗೆ. ಅವನು ಒಯ್ದ ಕಾರ್ಡಿಗೆ ಹಳದಿ ಫ್ಯಾನ್ ಇತ್ತು. ಆ ಬಣ್ಣದ್ದು ಅಂಗಡಿಗೆ ಬಂದದ್ದೇ ಒಂದು ಪೀಸು.

ಚಿಕ್ಕವೆಂಕಟಪ್ಪನ ಮಾತು ಯಾವತ್ತೂ ನಯವಲ್ಲ. ಟಿವಿ ರಿಮೋಟ್ ಹಿಡಿಯಲೂ ಅವನು ಹೆಂಡತಿಯನ್ನು ಕೂಗುತ್ತಾನೆ ಅಂತ ಜಗನ್ ನಕ್ಕಿದ್ದುಂಟು. ಆದರೆ ಇಷ್ಟಕ್ಕೆ ಯಾರ ಕೈಗೂ ಬೇಡಿ ಬೀಳುವುದಿಲ್ಲ.

ಅವಳು ಹೊರಗೆ ನಿಂತು ಭಗವಂತರಾಯರಿಗೆ ಫೋನ್ ಮಾಡಿದಳು. ಅವರು ಬಂದು ಕಾರ್ಡನ್ನು ಸೀಲ್ ಮಾಡಿ ಒಯ್ದರು. ಪೋಸ್ಟ್‌ಮಾರ್ಟಂ ರಿಪೋರ್ಟೂ ಅಂದೇ ಬಂದಿತ್ತು. ಮುದುಕರ ಗಂಟಲಲ್ಲಿ, ಶ್ವಾಸಕೋಶದಲ್ಲಿ ಹೊಗೆಯ ಮಸಿಯೇ ಇಲ್ಲ. ಬೆಂಕಿ ಹತ್ತುವ ಮೊದಲೇ ಉಸಿರು ನಿಂತಿತ್ತು. ದಿಂಬು ಒತ್ತಿರಬೇಕು ಅಂದರು ಭಗವಂತರಾಯ.

ತಿಥಿಗೆ ಹೋಗುತ್ತೇನೆ, ಹಳದಿಯ ಮಾತು ನಮ್ಮಿಬ್ಬರಲ್ಲೇ ಇರಲಿ ಅಂದಳು ಸುಕನ್ಯ.

"ಅಲ್ಲಿ ಹ್ವಾದ್ರ ಏಟು ಬೀಳ್ತಾವ್ರೀ ಮೇಡಂ."

"ಬೀಳಲಿ ಸರ್. ಹತ್ತು ಜನರ ಮುಂದೆ ನನ್ನ ತಮ್ಮನ ಮೇಲೆ ಹೊರಿಸಿದವನು ಹತ್ತು ಜನರ ಮುಂದೆಯೇ ಬಾಯಿ ಬಿಡಲಿ."

*

ದೊಡ್ಡನೆಕ್ಕುಂದಿಯ ಜಮೀನಿನಲ್ಲಿ ಶಾಮಿಯಾನ ಹಾಕಿದ್ದರು. ಆಂಜನಮ್ಮನ ಸಮಾಧಿಯ ಪಕ್ಕ ಹೊಸ ಮಣ್ಣಿನ ದಿಬ್ಬ. ಅದರ ಮುಂದೆ ಎಡೆ. ನೆಂಟರಿಷ್ಟರು, ಊರಿನ ಹಿರಿಯರು ತುಂಬಿದ್ದರು. ಹಿಂದಿನ ಸಾಲಿನಲ್ಲಿ ಮಫ್ತಿಯಲ್ಲಿ ಭಗವಂತರಾಯ.

ಸುಕನ್ಯಳನ್ನು ಕಂಡು ಚಿಕ್ಕವೆಂಕಟಪ್ಪ ಎದ್ದ. ನಿತೀಶ್ ಅವನ ತೋಳು ಹಿಡಿದು ಕೂರಿಸಿದ. ಮನೆ ಬಾಗಿಲಿಗೆ ಬಂದವರನ್ನು ಬಯ್ಯಬಾರದು ಅಣ್ಣ ಅಂದ.

ಸುಕನ್ಯ ಹಿರಿಯರಿಗೆ ಕೈ ಮುಗಿದಳು. ಒಂದೊಂದೇ ಮಾತನ್ನು ತೂಗಿ ಆಡಿದಳು. ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

"ನನ್ನ ತಮ್ಮ ಒಂದೇ ಸಮ ಹೇಳ್ತಿದಾನೆ, ನಾನು ಹಾಕಿದ ಕಾರ್ಡಲ್ಲಿ ಫ್ಯಾನೇ ಇರಲಿಲ್ಲ ಅಂತ. ಆರೋಪಿ ಹಾಗೆ ಹೇಳೇ ಹೇಳ್ತಾನೆ ಅಂದ್ರು ಪೊಲೀಸರು. ಮನೆಯವರು ಯಾರಾದ್ರೂ ಕಣ್ಣಾರೆ ಫ್ಯಾನ್ ನೋಡಿದ್ರೆ ಈಗಲೇ ಹೇಳಿ. ಎಲ್ಲರ ಮುಂದೇನೇ ಗೊತ್ತಾಗಲಿ."

ಅವಳು ಚಿಕ್ಕವೆಂಕಟಪ್ಪನನ್ನೇ ನೋಡುತ್ತಿದ್ದಳು.

"ನಂಗೆ ಅದೆಲ್ಲ ಏನ್ ಗೊತ್ತಾಗುತ್ತಮ್ಮ," ಅಂದ ಅವನು. "ಫ್ಯಾನೋ ಗೀನೋ. ನಾನ್ ಆ ಡಬ್ಬಾನ ಮುಟ್ಟೂ ಇಲ್ಲ."

ಪಕ್ಕದಿಂದ ನಯವಾದ ದನಿ ಬಂತು.

"ನಾನ್ ನೋಡಿದೀನಿ ಅಕ್ಕ. ಫಿಟ್ ಮಾಡಿದ್ ದಿನ ಪಕ್ಕದಲ್ಲೇ ಇದ್ದೆ. ಬೇಜಾರ್ ಮಾಡ್ಕೋಬೇಡಿ, ಜಗನ್ ಸುಳ್ಳು ಹೇಳ್ತಿದಾನೆ."

"ಅವನ ಬಾಯಿ ಮುಚ್ಚಿಸಬೇಕಲ್ಲ ನಿತೀಶ್. ಎಂಥ ಫ್ಯಾನು? ಬಣ್ಣ ಏನಾದ್ರೂ ನೆನಪಿದ್ಯಾ?"

"ಹಳದಿ," ಅಂದ ನಿತೀಶ್. "ರೆಕ್ಕೆ ಎಲ್ಲ ಹಳದಿ. ಅಪ್ಪನ ಸಮಾಧಿ ಮುಂದೆ ನಿಂತು ಹೇಳ್ತಿದೀನಿ."

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಭಗವಂತರಾಯ ಎದ್ದು ಬಂದು ಚೀಲದಿಂದ ಸೀಲಾದ ಕಾರ್ಡನ್ನು ತೆಗೆದರು. ಅಲ್ಯೂಮಿನಿಯಂ ರೆಕ್ಕೆ, ಜಗನ್‌ನ ಸ್ಟಿಕ್ಕರ್. ಫ್ಯಾನಿಲ್ಲ.

"ಇದು ಜಗನ್ ಹಾಕಿದ ಕಾರ್ಡು," ಅಂದಳು ಸುಕನ್ಯ. "ಸುಟ್ಟಿದ್ದು ಬೇರೆ ಕಾರ್ಡು. ಅದರ ಫ್ಯಾನು ಕರಗಿ ಕಪ್ಪು ಮುದ್ದೆ ಆಗಿದೆ. ಬಣ್ಣ ಅದನ್ನು ಮಾರಿದವಳಿಗೆ ಗೊತ್ತು, ನನಗೆ, ಇನ್‌ಸ್ಪೆಕ್ಟರಿಗೆ ಗೊತ್ತು. ನಾಲ್ಕನೆಯವನು ಅದನ್ನು ಕೊಂಡವನು."

ಆಮೇಲೆ ಅವಳು ಹಿರಿಯರಿಗೆ ಬಿಡಿಸಿ ಹೇಳಿದಳು. ಈ ಜಮೀನನ್ನು ಬಿಲ್ಡರಿಗೆ ಮಾತಾಡಿಕೊಟ್ಟವನು ದೊಡ್ಡವನಲ್ಲ, ಚಿಕ್ಕವನು. ಅದು ನಿನ್ನೆ ಪೊಲೀಸರು ಬಿಲ್ಡರನ ಬಾಯಿಂದಲೇ ಹೊರಡಿಸಿದ್ದು. ಅಪ್ಪ ಬದುಕಿರುವಷ್ಟು ದಿನ ಸಹಿ ಬೀಳುವುದಿಲ್ಲ. ಸಾವಿಗೆ ಒಂದು ಕಾರಣ ಬೇಕಿತ್ತು, ಹೊಣೆ ಹೊರಲು ಒಬ್ಬ ಬೇಕಿತ್ತು. ಸುಮ್ಮನೆ ಕೂತ ಅಲ್ಯೂಮಿನಿಯಂ ತುಂಡು ಬೆಂಕಿ ಹಚ್ಚಿತು ಅಂದರೆ ಯಾರೂ ನಂಬುವುದಿಲ್ಲ, ಫ್ಯಾನ್ ಸಿಕ್ಕಿಕೊಂಡಿತು ಅಂದರೆ ಎಲ್ಲರೂ ನಂಬುತ್ತಾರೆ. ಅದಕ್ಕೇ ಬದಲಾಯಿಸಿದ. ಹಳೆಯದನ್ನು ಚರಂಡಿಗೆ ಎಸೆದಿದ್ದರೆ ಇವತ್ತು ಯಾರೂ ಅವನನ್ನು ಹಿಡಿಯುತ್ತಿರಲಿಲ್ಲ. ವಾರಂಟಿ ಇರುವ ಮಾಲನ್ನು ಎಸೆಯಲು ಮನಸ್ಸು ಬರಲಿಲ್ಲ. ಹೊಸ ಕಾರ್ಡು ಸದ್ದು ಮಾಡಿತು, ಮುದುಕರು ಜಗನ್‌ಗೆ ಫೋನ್ ಮಾಡಿದರು, ಅದು ಮನೆಯಲ್ಲೇ ಇದ್ದ ನಿತೀಶನ ಕಿವಿಗೆ ಬಿತ್ತು. ಬೆಳಿಗ್ಗೆ ಜಗನ್ ಬಂದು ಪೆಟ್ಟಿಗೆ ಬಿಚ್ಚಿದರೆ ಎಲ್ಲ ಹೊರಬೀಳುತ್ತಿತ್ತು. ಹಾಗಾಗಿ ಅಂದು ರಾತ್ರಿಯೇ ದಿಂಬು ಒತ್ತಿ ಮುಗಿಸಿ, ಕಂಪ್ಯೂಟರಿಗೆ ಬೆಂಕಿ ಹಚ್ಚಿದ.

"ಸದ್ದಾದ್ರೆ ಏನಂತೆ? ಅಪ್ಪ ಸಿನಿಮಾ ತಾನೆ ನೋಡ್ತಿದ್ದಿದ್ದು," ಅಂದ ನಿತೀಶ್. ಅವನ ನಯ ಮಾಸಿತ್ತು.

"ಅಲ್ಲ," ಅಂದಳು ಸುಕನ್ಯ. "ನಿಮ್ಮಮ್ಮನ ಹಾಡು ಕೇಳ್ತಿದ್ರು."

ಶಾಮಿಯಾನದಲ್ಲಿ ಯಾರೋ ಹೆಂಗಸು ಬಿಕ್ಕಿದಳು. ಚಿಕ್ಕವೆಂಕಟಪ್ಪ ತಮ್ಮನ ಕಡೆಗೆ ನುಗ್ಗಿದ. ಸುಕನ್ಯ ನಡುವೆ ನಿಂತಳು.

"ಕೈ ಎತ್ತಬೇಡಿ. ಎರಡೇಟು ತಿಂದು ಮುಗಿಸುವ ಸಾಲ ಅಲ್ಲ ಇವನದು. ಜೈಲಿನಲ್ಲಿ ಬದುಕಿರಲಿ, ತುಂಬ ವರ್ಷ ಇರಲಿ. ಇನ್ನು ನನ್ನ ತಮ್ಮನ ಬೆರಳಿನ ಲೆಕ್ಕ. ಅದಕ್ಕೆ ನಿಮ್ಮ ಮೇಲೆ ಬೇರೆ ಕಂಪ್ಲೇಂಟ್ ಕೊಟ್ಟಿದೀನಿ. ವಾಪಸ್ ತಗೊಳ್ಳಲ್ಲ."

ಚಿಕ್ಕವೆಂಕಟಪ್ಪ ಎತ್ತಿದ ಕೈ ಇಳಿಸಿದ.

ಜೀಪಿನ ಬಳಿ ನಿತೀಶ್ ತಿರುಗಿದ. ಬೇಡಿ ಬಿದ್ದ ಕೈಗಳನ್ನು ಜೋಡಿಸಿದ.

"ಜಗನ್ ಮೇಲೆ ನಂಗೇನೂ ದ್ವೇಷ ಇರ್ಲಿಲ್ಲ ಅಕ್ಕ. ನಂಬಿ."

"ನಂಬ್ತೀನಿ," ಅಂದಳು ಸುಕನ್ಯ. "ನೀನು ಆರಿಸಿದ್ರಲ್ಲೆಲ್ಲ ಅವನೇ ಅಗ್ಗ. ಅವನಿಗೆ ಹಿಂದೆ ಮುಂದೆ ಯಾರೂ ಕೇಳೋರಿಲ್ಲ ಅಂತ ನೀನು ಅನ್ಕೊಂಡೆ. ನನ್ನನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ."

ಜೀಪು ಹೊರಟಿತು. ಊರಿನ ಹಿರಿಯರೊಬ್ಬರು ಬಂದು, ಊಟ ಮಾಡಿಕೊಂಡು ಹೋಗಮ್ಮ, ನಿನ್ನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದೆವು ಅನ್ನಿಸಬೇಡ ಅಂದರು. ಸುಕನ್ಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತಳು. ಅಂಗಡಿಯ ಷಟರ್ ಕಿತ್ತವರೇ ಸೌಟು ಹಿಡಿದು ಅವಳ ಮುಂದೆ ಬಗ್ಗಿದರು, ತಲೆ ಎತ್ತದೆ ಬಡಿಸಿದರು. ತಮ್ಮ ಆಸ್ಪತ್ರೆ ಸೇರಿದಂದಿನಿಂದ ಅನ್ನ ಅವಳ ಗಂಟಲಲ್ಲಿ ನೆಟ್ಟಗೆ ಇಳಿದಿರಲಿಲ್ಲ. ಈಗ ಇಳಿಯಿತು. ಒಬ್ಬೊಬ್ಬರ ಮುಖವನ್ನೂ ನೋಡುತ್ತ, ನಿಧಾನವಾಗಿ, ಎಲೆಯಲ್ಲಿ ಒಂದಗುಳೂ ಬಿಡದೆ ಉಂಡಳು. ಆಮೇಲೆ ಇನ್ನೊಂದು ಸಲ ಬಡಿಸಿ ಅಂದಳು.