ಏಣಿಯ ಬುಡದ ಲೋಟ

"ಇದನ್ನ ಯಾರು ಕುಡೀಬೇಕು?"

ಶಿವಮೂರ್ತಿ ಕಾಫಿ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕಾಫಿಯ ಮೇಲೆ ಎರಡು ಪುಟ್ಟ ನೊಣಗಳು ತೇಲುತ್ತಿದ್ದವು.

"ನಿಮ್ಮದ್ರಲ್ಲಿ ಎರಡೇ. ನಂದ್ರಲ್ಲಿ ಮೂರು ಬಿದ್ದಿದ್ವು. ನಾನೇನು ಊರಿಗೆಲ್ಲಾ ಹೇಳ್ಕೊಂಡ್ನಾ?" ಎಂದಳು ಆಶಾ, ಒಲೆಯ ಮುಂದೆ ಟವೆಲ್ ಬೀಸುತ್ತ.

ಅಪ್ಪ ಅಮ್ಮನ ನಡುವೆ ಕೂತು ನಿಸರ್ಗ ಉಪ್ಪಿಟ್ಟು ತಿನ್ನುತ್ತಿದ್ದಳು. ಅವಳ ಎಡಗೈ ತಟ್ಟೆಯ ಮೇಲೆ ಬೀಸಣಿಗೆಯಂತೆ ಆಡುತ್ತಲೇ ಇತ್ತು. ಒಂದು ವಾರದಿಂದ ಈ ಮನೆಯಲ್ಲಿ ಎಲ್ಲರೂ ಊಟ ಮಾಡುವುದು ಹೀಗೇ. ಒಂದು ಕೈ ಬಾಯಿಗೆ, ಇನ್ನೊಂದು ಕೈ ನೊಣಕ್ಕೆ.

ಇವು ದೊಡ್ಡ ನೊಣಗಳಲ್ಲ. ಸಾಸಿವೆ ಕಾಳಿಗಿಂತ ತುಸು ಉದ್ದ. ಕಂದು ಮೈ, ಕೆಂಪು ಕಣ್ಣು. ಹೊಡೆಯಲು ಕೈ ಎತ್ತಿದರೆ ಮಾಯ, ಕೈ ಇಳಿಸಿದರೆ ಹಾಜರು.

"ಎಲ್ಲಾ ಆ ಗೊನೆಯಿಂದ," ಎಂದು ಆಶಾ ಮೂಲೆಯ ಕಡೆ ಗಲ್ಲ ತೋರಿಸಿದಳು. ಅಲ್ಲಿ ಹಗ್ಗದಲ್ಲಿ ತೂಗುಹಾಕಿದ ಬಾಳೆಗೊನೆ ಹಣ್ಣಾಗುತ್ತಿತ್ತು.

ಹೊಸಿಲ ಹತ್ತಿರ ಹುರುಳಿ ಆರಿಸುತ್ತಿದ್ದ ಅಜ್ಜಿ ಚಿಕ್ಕಗಂಗಮ್ಮ ಮೊರದಿಂದ ತಲೆ ಎತ್ತಿದಳು.

"ನನ್ನ ಗೊನೆ ನಿಂಗೇನು ಮಾಡ್ತು ಕಣಮ್ಮ? ನಾನೇ ನೀರು ಹೊಯ್ದು ಬೆಳೆಸಿರೋದು."

"ಗೊನೆ ಏನೂ ಮಾಡಲ್ಲ ಅತ್ತೆ. ಗೊನೆ ನೋಡೋಕೆ ಬರೋ ನೆಂಟ್ರು ಮಾಡ್ತಾರೆ."

ಅವತ್ತೇ ಗೊನೆ ಕೊಟ್ಟಿಗೆಗೆ ಹೋಯಿತು. ಸಂಜೆ ಹೊತ್ತಿಗೆ ಕರು ಹಗ್ಗ ಬಿಚ್ಚಿಕೊಂಡು ಕೆಳಗಿನ ಎರಡು ಚಿಪ್ಪು ಮುಗಿಸಿತ್ತು. ಅಜ್ಜಿ ರಾತ್ರಿ ಊಟಕ್ಕೆ ಕೂತಾಗ ಸೊಸೆಯ ಜೊತೆ ಮಾತಾಡಲಿಲ್ಲ. ನೊಣಗಳು ಮಾತ್ರ ಇಬ್ಬರ ತಟ್ಟೆಗೂ ಒಂದೇ ಸಮನೆ ಬಂದವು.

ಮಾರನೇ ದಿನ ಆಶಾ ಕಸದ ಬುಟ್ಟಿ ತೊಳೆದಳು. ಸಿಂಕಿನ ಪೈಪಿಗೆ ಬಿಸಿನೀರು ಹೊಯ್ದಳು. ಈರುಳ್ಳಿ ಬುಟ್ಟಿಯನ್ನು ಅಂಗಳಕ್ಕೆ ಸುರಿದು ಒಂದೊಂದನ್ನೂ ಒತ್ತಿ ನೋಡಿದಳು. ನೊಣ ಕಡಿಮೆಯಾಗಲಿಲ್ಲ. ಕೊನೆಗೆ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿದಳು.

"ಅತ್ತೆ, ಅಟ್ಟದಲ್ಲಿ ಯಾವುದಾದ್ರೂ ಕಾಯಿ ಕೆಟ್ಟಿರಬೋದಾ?"

ಅಡುಗೆಮನೆಗೆ ಅಂಟಿದ ಕೋಣೆಯ ಮೇಲೆ ಸಂದಿ ಬಿಟ್ಟು ಜೋಡಿಸಿದ ಮರದ ರೀಪರು ಪಟ್ಟಿಗಳ ಅಟ್ಟವಿತ್ತು. ಅಲ್ಲಿ ಮೂರು ಸಾವಿರ ತೆಂಗಿನಕಾಯಿಗಳು ಸಿಪ್ಪೆ ಸಮೇತ ಕೂತಿದ್ದವು. ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಸುತ್ತಮುತ್ತಲ ಊರುಗಳ ಎಷ್ಟೋ ಮನೆಗಳಲ್ಲಿ ಹೀಗೇ. ತಲೆಯ ಮೇಲೆ ಕಾಯಿ, ಕೆಳಗೆ ಸಂಸಾರ. ಅದರ ವಾಸನೆಗೆ ಮನೆಯವರ ಮೂಗು ಎಷ್ಟು ಒಗ್ಗಿರುತ್ತದೆ ಎಂದರೆ, ಅಲ್ಲಿ ಏನಾದರೂ ಹುಳಿತರೂ ಬೇಗ ಗೊತ್ತಾಗುವುದಿಲ್ಲ.

ಅಜ್ಜಿ ಮೊರವನ್ನು ಕೆಳಗಿಟ್ಟಳು.

"ಆಶಾ, ನಾನು ಈ ಮನೆಗೆ ಬಂದು ನಲವತ್ತೊಂಬತ್ತು ವರ್ಷ ಆಯ್ತು. ಒಂದೊಂದು ಕಾಯಿನೂ ಕೈಲಿ ತಿರುಗಿಸಿ ನೋಡಿ ಮೇಲಕ್ಕೆ ಕಳಿಸ್ತೀನಿ. ಏರಿಸ್ವಾಗ ಕೈಜಾರಿ ಬಿದ್ದ ಕಾಯಿನ ಮತ್ತೆ ಏರಿಸಲ್ಲ, ಸಾರಿಗೆ ಹಾಕ್ತೀನಿ. ಸಿಪ್ಪೆ ಚೆನ್ನಾಗೇ ಕಾಣ್ತದೆ, ಒಳಗೆ ಚಿಪ್ಪು ಬಿರುಕು ಬಿಟ್ಟಿರ್ತದೆ. ನಾನು ಏರಿಸಿದ ಕಾಯಿ ಕೆಡಲ್ಲ ಕಣಮ್ಮ."

ಅಟ್ಟದ ವಿಷಯದಲ್ಲಿ ಅಜ್ಜಿಯ ಮಾತಿಗೆ ಎದುರಾಡುವವರು ಆ ಮನೆಯಲ್ಲಿ ಇರಲಿಲ್ಲ.

ಶುಕ್ರವಾರ ಶಾಲೆಯಲ್ಲಿ ನಿಸರ್ಗ ಮೋನಿಕಾ ಮಿಸ್‌ಗೆ ವಿಷಯ ಹೇಳಿದಳು. ಹಿಂದಿನ ಬೆಂಚಿನ ಕಾಂತೇಶ್ ಅದನ್ನೇ ಕಾಯುತ್ತಿದ್ದವನಂತೆ ಬಾಯಿ ಹಾಕಿದ.

"ಮಿಸ್, ಅವ್ರ ಮನೇಲಿ ಉಪ್ಪಿಟ್ಟಿಗೆ ಸಾಸ್ವೆ ಹಾಕೋದೇ ಬೇಡ್ವಂತೆ."

ಇಡೀ ತರಗತಿ ನಕ್ಕಿತು. ನಗು ನಿಲ್ಲುವವರೆಗೆ ಕಾದು ಮಿಸ್ ಹೇಳಿದರು: "ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೆ ಎಷ್ಟು ಹಿಡಿದ್ರೂ ಅಷ್ಟೇ. ಹುಳಿ ಬಂದಿರೋ ಜಾಗದಲ್ಲಿ ಒಂದು ಹೆಣ್ಣು ನೊಣ ನೂರಾರು ಮೊಟ್ಟೆ ಇಡುತ್ತೆ. ಈ ಸೆಕೆಗೆ ಮೊಟ್ಟೆ ನೊಣ ಆಗೋಕೆ ಹತ್ತು ದಿನ ಸಾಕು. ಮೊದಲು ಜಾಗ ಹುಡುಕು."

"ಹೆಂಗೆ ಮಿಸ್?"

"ಒಂದೇ ಥರದ ಮೂರು ಲೋಟ ತಗೋ. ಮೂರಕ್ಕೂ ಅಳತೆ ಮಾಡಿ ಒಂದೇ ಸಮ ವಿನೆಗರ್ ಹಾಕು, ಒಂದು ಚಿಟಿಕೆ ಸಕ್ಕರೆ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ತೊಟ್ಟು. ವಾಸನೆಗೆ ಬರ್ತವೆ. ಸೋಪು ಬೆರೆತಿದ್ರೆ ಮೇಲೆ ನಿಲ್ಲೋಕೆ ಆಗಲ್ಲ, ಮುಳುಗ್ತವೆ. ಮೂರು ಜಾಗದಲ್ಲಿ ಇಡು. ಎಲ್ಲಿ ಹೆಚ್ಚು ಬಿದ್ದಿರುತ್ತೋ ಅದರ ಹತ್ತಿರ ಹುಡುಕು."

ಗೋಬಿ ಮಂಚೂರಿ ಮಾಡಲೆಂದು ತಂದ ವಿನೆಗರ್ ಮನೆಯಲ್ಲಿತ್ತು. ಶನಿವಾರ ಸಂಜೆ ನಿಸರ್ಗ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದು ಅಳೆದು ಹುಯ್ದಳು. ಒಂದು ಲೋಟ ಸಿಂಕಿನ ಪಕ್ಕ. ಒಂದು, ಗೊನೆ ತೂಗುತ್ತಿದ್ದ ಮೂಲೆಯಲ್ಲಿ. ಇನ್ನೊಂದನ್ನು ಎಲ್ಲಿಡಬೇಕೋ ತಿಳಿಯದೆ, ಪಕ್ಕದ ಕೋಣೆಯಲ್ಲಿ ಅಟ್ಟದ ಏಣಿಯ ಬುಡದಲ್ಲಿ ಇಟ್ಟಳು.

"ಏನ್ ಇನ್‌ಸ್ಪೆಕ್ಟ್ರೇ, ಕೇಸು ಎಲ್ಲಿವರ್ಗೂ ಬಂತು?" ಎಂದು ಅಪ್ಪ ಬಗ್ಗಿ ನೋಡಿದರು.

"ನಾಳೆ ಗೊತ್ತಾಗ್ತದೆ. ಲೋಟ ಮುಟ್ಟಬೇಡಿ, ಕಾಫಿ ಅಂದ್ಕೊಂಡು ಕುಡ್ದುಬಿಟ್ಟೀರ."

ಭಾನುವಾರ ಬೆಳಿಗ್ಗೆ ಅವಳು ಪೊರಕೆ ಕಡ್ಡಿಯಿಂದ ನೊಣಗಳನ್ನು ಒಂದೊಂದಾಗಿ ಕಾಗದದ ಮೇಲೆ ಎತ್ತಿ ಎಣಿಸಿದಳು. ಸಿಂಕಿನ ಲೋಟದಲ್ಲಿ ಹದಿನಾಲ್ಕು. ಮೂಲೆಯ ಲೋಟದಲ್ಲಿ ಒಂಬತ್ತು. ಏಣಿಯ ಬುಡದ ಲೋಟದಲ್ಲಿ ಎಪ್ಪತ್ತೆರಡು.

ಎಣಿಕೆ ತಪ್ಪಿರಬೇಕು ಎನಿಸಿತು. ಮತ್ತೆ ಎಣಿಸಿದಳು. ಎಪ್ಪತ್ತೆರಡೇ.

ಮೂರರ ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಂಡು ಏಣಿಯ ಬಳಿ ನಿಂತು ಮೇಲೆ ನೋಡಿದಳು. ರೀಪರಿನ ಸಂದಿಯಲ್ಲಿ ಕೈಯಗಲದ ಒಂದು ಕಪ್ಪು ಕಲೆ ಕಾಣಿಸಿತು. ಅದರ ಸುತ್ತ ನೊಣಗಳು ನಿಧಾನವಾಗಿ ಸುತ್ತುತ್ತಿದ್ದವು. ಕಲೆ ಇದ್ದುದು ಏಣಿಯ ಬಲಕ್ಕೆ, ಎರಡನೇ ಸಾಲಿನ ಕೆಳಗೆ.

ಆ ಜಾಗ ನಿಸರ್ಗಳಿಗೆ ಗೊತ್ತಿತ್ತು.

ಮೂರು ವಾರದ ಹಿಂದೆ ಎಲ್ಲರೂ ತೋಟಕ್ಕೆ ಹೋಗಿದ್ದಾಗ ಅವಳು ಆ ಏಣಿ ಹತ್ತಿದ್ದಳು. ಏಣಿ ಹತ್ತಬಾರದು ಎಂದು ಅಜ್ಜಿ ಕಟ್ಟುನಿಟ್ಟಾಗಿ ಹೇಳಿದ್ದಳು. ಆದರೆ ಅಜ್ಜಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದು ಕೊಬ್ಬರಿ ಆಯ್ತು, ಇದಕ್ಕೆ ಇನ್ನೂ ಎರಡು ತಿಂಗಳು" ಎಂದು ಹೇಳುವುದನ್ನು ನೋಡಿ ನೋಡಿ ಅವಳಿಗೂ ಆಸೆಯಾಗಿತ್ತು. ಏಣಿಯ ಮೇಲೆ ನಿಂತೇ ಆರು ಕಾಯಿ ಅಲ್ಲಾಡಿಸಿದಳು. ಆರರಲ್ಲೂ ನೀರು ಕುಲುಕಿತು. ಏಳನೆಯದು ಕೈಜಾರಿ ಕಲ್ಲುಚಪ್ಪಡಿಯ ನೆಲಕ್ಕೆ ಬಿತ್ತು.

ಇಳಿದು ಬಂದು ಅದನ್ನು ಸುತ್ತಲೂ ತಿರುಗಿಸಿ ನೋಡಿದ್ದಳು. ಸಿಪ್ಪೆಯ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಬೀಳುವಾಗ ಒಳಗೆ ಟಕ್ ಎಂದದ್ದು ಅವಳಿಗೆ ಕೇಳಿಸಿತ್ತು. ಬಿದ್ದಿದ್ದು ಹೇಳಿದರೆ ಹತ್ತಿದ್ದೂ ಹೇಳಬೇಕಾಗುತ್ತಿತ್ತು. ಅದಕ್ಕೇ ಕಾಯಿಯನ್ನು ಇದ್ದಲ್ಲೇ ಇಟ್ಟು ಬಂದಿದ್ದಳು. ಆಮೇಲೆ ಮರೆತೇ ಹೋಗಿತ್ತು.

"ಎಷ್ಟು ಬಿದ್ದಾವಮ್ಮ?" ಅಡುಗೆಮನೆಯಿಂದ ಅಮ್ಮ ಕೂಗಿದಳು.

ನಿಸರ್ಗ ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಏಳರ ಪಕ್ಕದ ಎರಡನ್ನು ಅಳಿಸಿಬಿಟ್ಟರೆ ಬರೀ ಏಳು ಆಗುತ್ತದೆ ಎಂಬ ಯೋಚನೆ ಬಂತು. ರಬ್ಬರು ಬ್ಯಾಗಿನಲ್ಲಿತ್ತು. ಅಷ್ಟರಲ್ಲಿ ಅಪ್ಪ ಬಂದು ಅವಳ ಕೈಯಿಂದ ಚೀಟಿ ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಓದಿದರು.

"ಸಿಂಕು, ಹದಿನಾಲ್ಕು. ಮೂಲೆ, ಒಂಬತ್ತು. ಏಣಿ, ಎಪ್ಪತ್ತೆರಡು." ಅಪ್ಪ ತಲೆ ಕೆರೆದುಕೊಂಡರು. "ಆರೋಪಿ ಮೇಲ್ಗಡೆ ಅವ್ನೆ ಅಂತಾಯ್ತು."

ಅಜ್ಜಿ ಎದ್ದು ಬಂದು ಏಣಿಯ ಬುಡದಲ್ಲಿ ನಿಂತಳು. ಮೇಲಿನ ಕಲೆಯನ್ನು ನೋಡಿದಳು. ಕಣ್ಣುಜ್ಜಿಕೊಂಡು ಇನ್ನೊಂದು ಸಲ ನೋಡಿದಳು.

"ಹಂಗಾದ್ರೆ ತಪ್ಪು ನಂದೇ ಕಣಪ್ಪ," ಎಂದಳು. ದನಿ ಮೆತ್ತಗಿತ್ತು. "ಕಣ್ಣು ಮಂಜಾಗ್ತಾದೆ. ಯಾವುದೋ ಒಡಕು ಕಾಯಿ ಕೈಗೆ ಸಿಕ್ಕಿ ಗೊತ್ತಾಗಿಲ್ಲ. ಈ ಸಲ ಕಾಯಿ ಬಂದಾಗ ಪಕ್ಕದ ತೋಟದ ತೋಂಟದಾರ್ಯನ್ನ ಕರ್ಕೊಳ್ಳಿ. ಅವ್ನು ನೋಡಿ ಏರಿಸ್ಲಿ. ನಾನು ಮುಟ್ಟಲ್ಲ."

"ಹಂಗೇನಿಲ್ಲ ಬುಡಿ ಅತ್ತೆ," ಎಂದಳು ಆಶಾ. ಅಟ್ಟದ ಮಾತು ಮೊದಲು ಎತ್ತಿದವಳು ಅವಳೇ. ಆದರೂ ಗೆದ್ದ ಖುಷಿ ಅವಳ ಮುಖದಲ್ಲಿ ಇರಲಿಲ್ಲ. "ಮೂರು ಸಾವಿರದಲ್ಲಿ ಒಂದು ತಾನೆ."

"ಮೊದ್ಲು ಒಂದೂ ಇರ್ತಿರ್ಲಿಲ್ಲ," ಎಂದು ಅಜ್ಜಿ ಹೊಸಿಲಿಗೆ ಹೋಗಿ ಕೂತಳು. ಮೊರ ಅಲ್ಲೇ ಇತ್ತು. ಎತ್ತಿಕೊಳ್ಳಲಿಲ್ಲ.

ಅಜ್ಜಿಯ ಕೈಗಳು ಸುಮ್ಮನೆ ಇದ್ದದ್ದನ್ನು ನಿಸರ್ಗ ಯಾವತ್ತೂ ನೋಡಿರಲಿಲ್ಲ. ಹುರುಳಿ ಇಲ್ಲದಿದ್ದರೆ ಹುಣಸೆಹಣ್ಣು, ಹುಣಸೆ ಇಲ್ಲದಿದ್ದರೆ ತೆಂಗಿನಗರಿ. ಈಗ ಅವು ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅಜ್ಜಿಗೂ ಗೊತ್ತಾಗುವುದಿಲ್ಲ. ತೋಂಟದಾರ್ಯ ಬರುತ್ತಾನೆ, ಅಷ್ಟೇ.

ಅವಳು ಹೋಗಿ ಅಜ್ಜಿಯ ಮುಂದೆ ನಿಂತಳು.

"ಅಜ್ಜಿ, ಅದು ನೀನು ಏರಿಸಿದ ಕಾಯಿ ಅಲ್ಲ."

"ಮತ್ಯಾರು ಏರಿಸಿದ್ದು?"

"ನಾನು."

ಅಡುಗೆಮನೆಯಲ್ಲಿ ಅಮ್ಮನ ಟವೆಲ್ ನಿಂತಿತು. ನಿಸರ್ಗ ಉಳಿದದ್ದನ್ನೆಲ್ಲ ನೆಲ ನೋಡಿಕೊಂಡು ಹೇಳಿದಳು. ಏಣಿ, ಏಳನೇ ಕಾಯಿ, ಟಕ್ ಎಂದ ಸದ್ದು. ಆ ಸದ್ದಿನ ವಿಷಯ ಹೇಳದೆ ಬಿಟ್ಟರೂ ನಡೆಯುತ್ತಿತ್ತು. ಬಿಡಲಿಲ್ಲ.

"ಎಲ್ಲಿಟ್ಟೆ?" ಎಂದು ಅಜ್ಜಿ ಕೇಳಿದಳು.

"ಏಣಿ ಬಲಕ್ಕೆ. ಎರಡನೇ ಸಾಲು."

ಶಿವಮೂರ್ತಿ ಏಣಿ ಹತ್ತಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವರ ದನಿ ಕೇಳಿಸಿತು. "ಅಯ್ಯಪ್ಪ, ಇಲ್ಲಿ ಮದುವೆ ಮನೆ ನಡೀತಾದೆ. ಬಕೆಟ್ ಕೊಡ್ರೀ."

ಕಾಯಿ ಬಕೆಟ್ಟಿನಲ್ಲಿ ಇಳಿದು ಬಂತು. ಮೇಲ್ಭಾಗ ಹೊಸದರಂತೆಯೇ ಇತ್ತು. ತಳದ ಸಿಪ್ಪೆ ಮಾತ್ರ ನೆಂದು ಕಪ್ಪಾಗಿತ್ತು. ಸೋರಿ ಹುಳಿತ ಕಾಯಿನೀರಿನ ವಾಸನೆ, ಅಕ್ಕಿಯ ಕಾಳಿಗಿಂತ ಸಣ್ಣ ಬಿಳಿ ಹುಳಗಳು. ಪಕ್ಕದ ಮೂರು ಕಾಯಿಗಳಿಗೂ ತೇವ ಹಿಡಿದಿತ್ತು. ಅಪ್ಪ ನಾಲ್ಕನ್ನೂ ತಿಪ್ಪೆಯಾಚೆ ಗುಂಡಿ ತೋಡಿ ಹೂತರು. ರೀಪರನ್ನು ಬಿಸಿನೀರಲ್ಲಿ ಒರೆಸಿದರು.

ಅಜ್ಜಿ ಬೈಯಬಹುದು ಎಂದು ನಿಸರ್ಗ ಕಾಯುತ್ತಿದ್ದಳು. ಅಜ್ಜಿ ಮೊದಲು ತಿರುಗಿದ್ದು ಸೊಸೆಯ ಕಡೆಗೆ.

"ನೋಡ್ದಾ ಆಶಾ? ನಾನು ಏರಿಸಿದ ಕಾಯಿ ಕೆಡಲ್ಲ ಅಂದಿದ್ದೆ. ಕೇಳಿಸ್ತಾ?"

"ಕೇಳಿಸ್ತು ಅತ್ತೆ."

"ನನ್ನ ಗೊನೆ?"

"ಅದನ್ನ ಕರುನೇ ಕೇಳ್ಬೇಕು."

ಅಪ್ಪ ನಗು ತಡೆಯಲಾರದೆ ಹಿತ್ತಲಿಗೆ ಹೋದರು. ಅಜ್ಜಿ ಮೊರ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಒಂದು ಹಿಡಿ ಹುರುಳಿ ಆರಿಸಿದ ಮೇಲೆ, ತಲೆ ಎತ್ತದೆಯೇ ಮೊಮ್ಮಗಳಿಗೆ ಹೇಳಿದಳು.

"ಅಲ್ಲಾಡ್ಸೋ ಆಸೆ ಇದ್ರೆ ನನ್ನ ಕೇಳ್ಬಾರ್ದಿತ್ತಾ? ಒಂದು ಕೆಳಗೆ ಇಳ್ಸಿ ಕೊಡ್ತಿರ್ಲಿಲ್ವಾ ನಾನು?"

ನಿಸರ್ಗಳಿಗೆ ಅಜ್ಜಿ ಬೈದಿದ್ದರೇ ಸುಲಭವಾಗುತ್ತಿತ್ತು.

ಕಾಯಿ ಹೋದರೂ ನೊಣ ಒಂದೇ ದಿನಕ್ಕೆ ಹೋಗಲಿಲ್ಲ. ಆಗಲೇ ರೆಕ್ಕೆ ಬಂದವು ಮನೆಯಲ್ಲೇ ಇದ್ದವು. ನಿಸರ್ಗ ದಿನವೂ ಮೂರು ಲೋಟಗಳಲ್ಲಿ ಒಟ್ಟು ಬಿದ್ದದ್ದನ್ನು ಎಣಿಸಿ ಬರೆದಳು. ಸೋಮವಾರ ಐವತ್ತೊಂದು, ಮಂಗಳವಾರ ನಲವತ್ನಾಲ್ಕು, ಬುಧವಾರ ಮೂವತ್ತು. ಊಟದ ಹೊತ್ತಿಗೆ ಯಾವುದಾದರೂ ಒಂದು ಸುತ್ತಿದರೆ ಅಪ್ಪ ಬಿಡುತ್ತಿರಲಿಲ್ಲ.

"ಇನ್‌ಸ್ಪೆಕ್ಟ್ರೇ, ನಿಮ್ಮ ಕೈದಿ ತಪ್ಪಿಸ್ಕೊಂಡವ್ನೆ ನೋಡಿ."

ಮೊದಲ ದಿನ ಅವಳಿಗೆ ಅಳು ಬಂದಿತ್ತು. ಎರಡನೇ ದಿನ ಕೋಪ ಬಂತು. ಆಮೇಲೆ ಅವಳೂ ಸ್ವಲ್ಪ ನಕ್ಕಳು.

ಗುರುವಾರ ಮಧ್ಯಾಹ್ನ ಶಾಲೆಗೆ ರಜೆ ಇತ್ತು. ತೋಟದಿಂದ ಬಂದ ಅಜ್ಜಿ ಕಂಬಕ್ಕೊರಗಿ ಕೂತು ಮಜ್ಜಿಗೆ ಲೋಟ ಎತ್ತಿಕೊಂಡಳು. ಎಲ್ಲಿಂದಲೋ ಬಂದ ಒಂದು ನೊಣ ಅದರೊಳಗೆ ಬಿತ್ತು. ಅಜ್ಜಿಗೆ ಕಾಣಿಸಲಿಲ್ಲ. ನಿಸರ್ಗಳಿಗೆ ಕಾಣಿಸಿತು. ಅವಳು "ನೊಣ ಬಿತ್ತು, ತಾಳು" ಎಂದು ಲೋಟ ತೆಗೆದುಕೊಂಡು ಹೋಗಿ, ಮಜ್ಜಿಗೆಯನ್ನು ಹಸುವಿನ ಬಕೆಟ್ಟಿಗೆ ಸುರಿದಳು. ಲೋಟ ತೊಳೆದು, ಬೇರೆ ಮಜ್ಜಿಗೆ ಹುಯ್ದು, ಮೇಲೊಂದು ತಟ್ಟೆ ಮುಚ್ಚಿ ತಂದಳು.

"ಒಂದು ನೊಣಕ್ಕೆ ಇಡೀ ಲೋಟ ಮಜ್ಜಿಗೆ ಚೆಲ್ತಾರೇನೇ? ಬೆರಳಲ್ಲಿ ತೆಗ್ದಿದ್ರೆ ಆಗ್ತಿತ್ತು."

"ಅದು ನನ್ನ ನೊಣ ಅಜ್ಜಿ," ಎಂದಳು ನಿಸರ್ಗ.

ಅಜ್ಜಿ ಅವಳ ಮುಖ ನೋಡಿದಳು. ಕೂರಲು ಸ್ವಲ್ಪ ಜಾಗ ಬಿಟ್ಟುಕೊಟ್ಟು ಮಜ್ಜಿಗೆ ಕುಡಿಯತೊಡಗಿದಳು. ನಿಸರ್ಗ ಪಕ್ಕದಲ್ಲಿ ಕೂತು, ಅಜ್ಜಿ ಲೋಟ ಕೆಳಗಿಟ್ಟಾಗಲೆಲ್ಲ ತಟ್ಟೆ ಮುಚ್ಚಿದಳು.