ರೆಕ್ಕೆಯೊಳಗಿನ ಸದ್ದು

ಅಣ್ಣ ಶೆಡ್ಡಿನಲ್ಲೇ ಕಟ್ಟಿದ ಪುಟ್ಟ ವಿಮಾನ ಅಂದು ಮಧ್ಯಾಹ್ನ ಅವನನ್ನು ಹೊತ್ತು ಮೊದಲ ಸಲ ಹಾರಬೇಕಿತ್ತು. ರೆಕ್ಕೆಗೆ ಬಟ್ಟೆ ಹೊಲಿದವಳು ನಾನು. ಅದನ್ನು ಒರೆಸುತ್ತಿದ್ದಾಗ ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದ ಸದ್ದಾಯಿತು. ಮರಕ್ಕೆ ಅಂಟು ಹಿಡಿದಿದೆಯೇ ಎಂದು ಅಪ್ಪ ಹಾಗೆಯೇ ತಟ್ಟಿ ನೋಡುತ್ತಿದ್ದರು. ಅಣ್ಣ ಈ ರೆಕ್ಕೆ ಶುರು ಮಾಡಿದ್ದು ಅವರು ತೀರಿಕೊಂಡ ಮೇಲೆ.

“ಅಣ್ಣಾ, ಒಳಗೇನೋ ಸದ್ದಾಯ್ತು, ಇಲ್ಲಿ ಬಿಚ್ಚಿ ನೋಡೋಣ.”

“ತಲೆ ಕೆಟ್ಟಿದ್ಯೇನೇ ನಿಂಗೆ? ಇಲಿ ಇರ್ಬೇಕು ಬಿಡು.”

“ಹಾಗಿದ್ರೆ ಇಲಿನ ಇಳಿಸಿ ಆಮೇಲೆ ಹಾರು.”

ಅವನು ನಗುತ್ತಲೇ ಬಟ್ಟೆ ಕೊಯ್ದ. ಇಲಿ ಇರಲಿಲ್ಲ. ರೆಕ್ಕೆಯ ಭಾರ ಹೊರುವ ತೊಲೆಯಲ್ಲಿ ಅಂಟು ಬಿಟ್ಟು, ಉಗುರು ತೂರುವಷ್ಟು ಸಂದಿ ಬಾಯ್ಬಿಟ್ಟಿತ್ತು. ಅಣ್ಣನ ಮುಖ ಬಿಳಿಚಿಕೊಂಡಿತು.

ಶೆಡ್ಡೆಲ್ಲ ತಣ್ಣಗಿತ್ತು. ಆ ಸಂದಿಯ ಪಕ್ಕದ ಮರ ಮಾತ್ರ, ಯಾರೋ ಈಗಷ್ಟೇ ಅಂಗೈ ತೆಗೆದ ಹಾಗೆ, ಬೆಚ್ಚಗಿತ್ತು. ಅಣ್ಣನೂ ಮುಟ್ಟಿ ನೋಡಿದ. ಬಹಳ ಹೊತ್ತು ಕೈ ತೆಗೆಯಲಿಲ್ಲ.